ನಿಂತ ಲಿಫ್ಟಿಗೊಂದು ನಿಜದ ಮಾತು

ಬೆಳಗಿನ ಐದೂವರೆ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿದೆ. ಒಳಗೆ ದೀಪವಿಲ್ಲ, ಫ್ಯಾನ್ ತಿರುಗುತ್ತಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ಕತ್ತಲಲ್ಲಿ ಗೋಡೆ ತಡವುತ್ತಾ ಹೋಗಿ, ಗಂಟೆಯ ಚಿತ್ರವಿರುವ ಗುಂಡಿಯನ್ನು ಒತ್ತುತ್ತಾರೆ.

"ಹಲೋ? ಯಾರಾದ್ರೂ ಇದ್ದೀರಾ? ಅಯ್ಯೋ, ಉಸಿರು ಕಟ್ತಿದೆ ಕಣ್ರೀ! ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ಮಗು ಒಂದೇ ಇದೆ ಮನೇಲಿ!"

ಹಾಲೂ ಇಲ್ಲ, ಮಗುವೂ ಇಲ್ಲ. ಮಗಳು ಬೆಳೆದು ಕಾಲೇಜು ಮುಗಿಸಿದ್ದಾಳೆ. ಲಿಫ್ಟನ್ನು ನಿಲ್ಲಿಸಿ ದೀಪ ಆರಿಸಿದವರೂ ಇವರೇ. ಆದರೆ ದನಿಯಲ್ಲಿ ನಡುಕ ಎಷ್ಟು ಚೆನ್ನಾಗಿದೆಯೆಂದರೆ ಹೊರಗೆ ನೆಲ ಗುಡಿಸುತ್ತಿದ್ದವರು ಪೊರಕೆ ಹಿಡಿದು ಒಂದು ಗಳಿಗೆ ನಿಂತು, ಆಮೇಲೆ ನೆನಪಾಗಿ ಮತ್ತೆ ಗುಡಿಸತೊಡಗುತ್ತಾರೆ. ದಿನಾ ಇದೇ ನಾಟಕ.

ಗೋಡೆಯೊಳಗಿನ ಸ್ಪೀಕರಿನಿಂದ ಮೆತ್ತಗಿನ ಧ್ವನಿ ಬರುತ್ತದೆ. "ನಿಮ್ಮ ಮಾತು ಕೇಳಿಸ್ತಿದೆ. ನಾನು ಲಿಫ್ಟ್ ಸಹಾಯದ ಯಂತ್ರ. ಮೊದಲು ಮಗುವಿನ ವಿಷಯ. ಮನೆ ನಂಬರ್ ಹೇಳಿ, ಕಾವಲುಗಾರರಿಗೆ ಈಗಲೇ ತಿಳಿಸ್ತೀನಿ."

ಕತ್ತಲಲ್ಲಿ ಇವರು ತಲೆದೂಗುತ್ತಾರೆ. ಮಗುವನ್ನು ಮೊದಲು ವಿಚಾರಿಸಿತಲ್ಲ, ಅಷ್ಟು ಸಾಕು. ಮನೆ ನಂಬರು ಕೊಟ್ಟು ಕೊನೆಯ ಪ್ರಶ್ನೆ ಹಾಕುತ್ತಾರೆ. "ರಿಪೇರಿಯವರು ಬರೋಕೆ ಎಷ್ಟು ಹೊತ್ತಾಗುತ್ತೆ?"

"ಹತ್ತು ನಿಮಿಷದಲ್ಲಿ ನಿಮ್ಮ ಹತ್ತಿರ ಇರ್ತಾರೆ."

"ಸುಳ್ಳಿ," ಎಂದು ಹಣೆ ಚಚ್ಚಿಕೊಳ್ಳುತ್ತಾರೆ ಅವರು. ಯಾವ ಮೆಕ್ಯಾನಿಕ್ಕನ್ನೂ ಯಾರೂ ಕರೆದಿಲ್ಲ. ಯಾರು ಎಲ್ಲಿದ್ದಾರೆಂದು ಆ ಯಂತ್ರಕ್ಕೆ ತಿಳಿಯುವ ದಾರಿಯೂ ಇಲ್ಲ. ಹತ್ತು ನಿಮಿಷ ಎಂಬುದು ಅದು ಕೂತಲ್ಲೇ ಕಟ್ಟಿದ ಮಾತು.

ಲಿಫ್ಟುಗಳನ್ನು ಕೂರಿಸಿ, ನೋಡಿಕೊಳ್ಳುವ ಕಂಪನಿಯೊಂದರ ವರ್ಕ್‌ಶಾಪಿನ ತರಬೇತಿ ಲಿಫ್ಟ್ ಇದು. ಕಂಪನಿಯ ಮೆಕ್ಯಾನಿಕ್ಕುಗಳೆಲ್ಲ ಇವರನ್ನು ಕರೆಯುವುದು 'ಲೈನಕ್ಕ' ಎಂದು. ಕಂಟ್ರೋಲ್ ರೂಮಿನಲ್ಲಿ ಕುಳಿತು, ಲಿಫ್ಟಿನಲ್ಲಿ ಸಿಕ್ಕಿಬಿದ್ದವರೊಂದಿಗೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಫೋನಿನಲ್ಲಿ ಮಾತಾಡಿದವರು. 'ಲೈನ್‌ನಲ್ಲೇ ಇರಿ, ನಾನೂ ಇರ್ತೀನಿ' ಎಂಬುದು ಅವರ ಬಾಯಿಯ ಖಾಯಂ ಮಾತು. ಹೆಸರು ಅಂಟಿಕೊಂಡದ್ದು ಅದರಿಂದ. ಈಗ ಅವರ ಕೆಲಸ ಬೇರೆ. ಕೇಳಿದ್ದಕ್ಕೆ ತಾನೇ ಮಾತು ಜೋಡಿಸಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ, ಸಿಕ್ಕಿಬಿದ್ದವರೊಂದಿಗೆ ಹೇಗೆ ಮಾತಾಡಬೇಕೆಂದು ಸೂಚನೆ ಬರೆಯುವುದು. ಬಲ್ಲವರು ಅದನ್ನು ಪ್ರಾಂಪ್ಟ್ ಎನ್ನುತ್ತಾರೆ. ಲೈನಕ್ಕ 'ಬುದ್ಧಿವಾದ' ಎನ್ನುತ್ತಾರೆ.

ಇವತ್ತು ಹನ್ನೊಂದು ಗಂಟೆಗೆ ಮ್ಯಾನೇಜರು ವರ್ಕ್‌ಶಾಪಿಗೆ ಬರುತ್ತಾರೆ. ಬರುವ ತಿಂಗಳ ಮೊದಲ ದಿನದಿಂದ ಕಂಪನಿ ನೋಡಿಕೊಳ್ಳುವ ಎಲ್ಲ ಕಟ್ಟಡಗಳಲ್ಲೂ ಈ ಧ್ವನಿಯೇ ಮೊದಲು ಫೋನ್ ಎತ್ತಲಿದೆ. ಅದರ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಬರಬಹುದೋ ಬಾರದೋ ಎಂಬುದು ಇವತ್ತು ತೀರ್ಮಾನವಾಗಬೇಕು. ಬರಬೇಕು ಎಂದು ಪಟ್ಟು ಹಿಡಿದವರು ಲೈನಕ್ಕ. ಕೂಡದು ಎಂದವರು ಮ್ಯಾನೇಜರು.

ಯಂತ್ರ ಬಂದದ್ದೇಕೆ ಎಂದು ಕೇಳಿದರೆ ಲೈನಕ್ಕ ಕರೆಂಟಿನ ಕಥೆ ಹೇಳುತ್ತಾರೆ. ಸಾಮಾನ್ಯ ದಿನಗಳಲ್ಲಿ ಮೂವತ್ತೋ ನಲವತ್ತೋ ಕರೆ. ಆಪರೇಟರುಗಳು ಆರು ಮಂದಿ. ಹೇಗೋ ನಿಭಾಯಿಸಬಹುದು. ಆದರೆ ಗಾಳಿ ಮಳೆ ಬಂದು ಒಂದು ಬಡಾವಣೆಗೆ ಬಡಾವಣೆಯೇ ಕತ್ತಲಾದರೆ ಅಷ್ಟೂ ಗಂಟೆಗಳು ಒಟ್ಟಿಗೆ ಬಾರಿಸುತ್ತವೆ. "ನಮಗಿದ್ದದ್ದು ಎರಡೇ ಕಿವಿ. ಒಬ್ಬರ ಹತ್ರ ಮಾತಾಡ್ತಿದ್ರೆ ಉಳಿದೋರಿಗೆ ಕಾಯ್ತಾ ಇರಿ ಅನ್ನೋ ಟ್ಯೂನು. ಕತ್ತಲಲ್ಲಿ ಒಬ್ಬರೇ ನಿಂತಿರೋರಿಗೆ ಟ್ಯೂನು ಕೇಳಿಸೋದು ಅಂದ್ರೆ ಎಂಥ ಶಿಕ್ಷೆ ಹೇಳಿ. ಆ ಯಂತ್ರ ನೂರು ಜನರ ಫೋನನ್ನ ಒಂದೇ ಸಲ ಎತ್ತುತ್ತೆ. ಅದಕ್ಕೇ ನಾನು ಹೂಂ ಅಂದಿದ್ದು."

ಹೂಂ ಅಂದದ್ದು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. "ನಿನ್ನ ಗುಂಡಿ ನೀನೇ ತೋಡ್ಕೋತಿದ್ದೀಯಲ್ಲ, ಜೊತೆಗೆ ನಮ್ದೂ," ಎಂದು ಪಕ್ಕದ ಕುರ್ಚಿಯಾಕೆ ಕೆಲವು ವಾರ ಮಾತು ಬಿಟ್ಟಿದ್ದರು. ಇಬ್ಬರು ನಿವೃತ್ತರಾದರು, ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಇನ್ನು ಮೂವರು ಫೋನಿನಲ್ಲೇ ಇದ್ದಾರೆ. ಎದೆನೋವು, ತುಂಬು ಬಸುರಿ, ಲಿಫ್ಟಿನೊಳಗೆ ಒಂಟಿ ಮಗು ಎಂದು ಕಿವಿಗೆ ಬಿದ್ದ ಕೂಡಲೇ ಯಂತ್ರ ಕರೆಯನ್ನು ಅವರಿಗೆ ದಾಟಿಸುತ್ತದೆ. ಅವರ ಪೈಕಿ ಒಬ್ಬರು ಆ ಮಾತು ಬಿಟ್ಟಾಕೆಯೇ. ಯಂತ್ರಕ್ಕೆ 'ಹೊಸ ಸೊಸೆ' ಎಂದು ಹೆಸರಿಟ್ಟವರೂ ಅವರೇ. "ಬಂದ ಹೊಸದರಲ್ಲಿ ಎಲ್ಲಕ್ಕೂ ಹೂಂ ಹೂಂ ಅನ್ನುತ್ತೆ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೂಡ ನಾವೇ ಹೇಳ್ಬೇಕು," ಎಂದು ನಗುತ್ತಾರೆ.

ಉಪ್ಪಿನ ಡಬ್ಬಿ ತೋರಿಸುವ ಕೆಲಸ ಅಂದುಕೊಂಡಷ್ಟು ಹಗುರಾಗಿರಲಿಲ್ಲ. ಲೈನಕ್ಕ ಬರೆದ ಮೊದಲ ಸೂಚನೆ ಒಂದೇ ಸಾಲಿನದು: 'ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಸಹಾಯ ಮಾಡು.' ಪರೀಕ್ಷೆಗೆಂದು ಲಿಫ್ಟಿನೊಳಗೆ ಕುಳಿತು ಗಂಟೆ ಒತ್ತಿದರೆ ಯಂತ್ರ ಸುರಕ್ಷತೆಯ ಹತ್ತು ಸೂತ್ರಗಳನ್ನು ನಂಬರು ಹಾಕಿ ಒಪ್ಪಿಸಿತು. ಏಳನೆಯದಕ್ಕೆ ಬರುವ ಹೊತ್ತಿಗೆ ಲೈನಕ್ಕನಿಗೆ ಆಕಳಿಕೆ ಬಂದಿತ್ತು. ತಪ್ಪು ಯಂತ್ರದ್ದಲ್ಲ ಎಂದು ಆಗಲೇ ಅವರಿಗೆ ಹೊಳೆದದ್ದು. ಆ ಕಡೆ ಇರುವವರು ಯಾರು, ಹೇಗಿದ್ದಾರೆ ಎಂದು ತಾವು ಹೇಳಿಯೇ ಇರಲಿಲ್ಲ. ಆಮೇಲೆ ಬರೆದರು: 'ನಿನ್ನ ಮಾತು ಕೇಳುತ್ತಿರುವವರು ಕತ್ತಲಲ್ಲಿ ಒಬ್ಬರೇ ನಿಂತಿದ್ದಾರೆ. ಅವರಿಗೆ ಓದಲಾಗದು, ಬರೆದುಕೊಳ್ಳಲಾಗದು, ಉದ್ದದ ಮಾತು ತಲೆಗೆ ಹೋಗದು. ಒಂದು ಸಲಕ್ಕೆ ಒಂದೇ ವಿಷಯ ಹೇಳು. ಅವರು ಉತ್ತರಿಸುವವರೆಗೆ ಕಾಯಿ.' ಯಂತ್ರ ಆ ದಿನದಿಂದ ಮನುಷ್ಯರ ಹಾಗೆ ಮಾತಾಡಲು ಶುರುಮಾಡಿತು.

ಹಾಗೆಂದು ಎಡವಟ್ಟುಗಳು ನಿಲ್ಲಲಿಲ್ಲ. 'ಗಾಬರಿಪಡಬೇಡಿ ಎಂದು ಹೇಳಬೇಡ' ಎಂದು ಬರೆದರೆ ಅದು ಹತ್ತರಲ್ಲಿ ಎಂಟು ಕರೆಗಳಲ್ಲಿ ಹೇಗಾದರೂ ಮಾಡಿ ಗಾಬರಿಯ ಸುದ್ದಿಯನ್ನೇ ಎತ್ತುತ್ತಿತ್ತು. ಬೇಡ ಎನ್ನುವುದನ್ನು ಬಿಟ್ಟು ಬೇಕಾದದ್ದನ್ನು ಬರೆದರು: 'ನೆಲದ ಮೇಲೆ ಕೂರಲು ಹೇಳು. ಗೋಡೆಗೆ ಬೆನ್ನು ಕೊಡಲು ಹೇಳು.' ಅದು ಕೆಲಸ ಮಾಡಿತು. ಮಾದರಿಗೆಂದು ಒಂದು ಸಂಭಾಷಣೆ ಬರೆದುಕೊಟ್ಟರು. ಅದರಲ್ಲಿ ತರಕಾರಿ ಚೀಲ ಹೊತ್ತ ಅಜ್ಜಿಯೊಬ್ಬರು ಸಿಕ್ಕಿಕೊಂಡಿರುತ್ತಾರೆ. ಮಾರನೆಯ ದಿನ ಕಂಪನಿಯ ಗಡ್ಡದ ಮೆಕ್ಯಾನಿಕ್ಕೊಬ್ಬ ಪರೀಕ್ಷೆಗೆ ಕುಳಿತರೆ ಯಂತ್ರ ಅಕ್ಕರೆಯಿಂದ ಹೇಳಿತಂತೆ: "ಅಜ್ಜಿ, ಮೊದಲು ತರಕಾರಿ ಚೀಲ ಕೆಳಗಿಡಿ." ವರ್ಕ್‌ಶಾಪಿನಲ್ಲಿ ಆತನಿಗೆ ಇವತ್ತಿಗೂ 'ಅಜ್ಜಿ' ಎಂಬ ಹೆಸರೇ ನಿಂತುಬಿಟ್ಟಿದೆ.

"ಒಂದೇ ಮಾದರಿ ಕೊಟ್ರೆ ಲೋಕವೆಲ್ಲ ಅದೇ ಅಂದ್ಕೊಳುತ್ತೆ," ಎನ್ನುತ್ತಾರೆ ಲೈನಕ್ಕ. ಈಗ ಅವರ ಸೂಚನೆಯಲ್ಲಿ ಅಜ್ಜಿ ಇದ್ದಾರೆ, ಕಿವಿ ಮಂದವಾದವರಿದ್ದಾರೆ, ಬೈಯುವವರಿದ್ದಾರೆ, ಮಾತೇ ಆಡದೆ ಗೋಡೆ ಬಡಿಯುವವರೂ ಇದ್ದಾರೆ. ಬಾಗಿಲು ಎಳೆಯಬಾರದು ಎಂಬುದರ ಜೊತೆಗೆ ಯಾಕೆ ಎಂಬುದನ್ನೂ ಬರೆದಿದ್ದಾರೆ: ನಿಂತ ಲಿಫ್ಟಿನೊಳಗೆ ಕುಳಿತವರಿಗೆ ಅಪಾಯ ಕಡಿಮೆ, ಬಾಗಿಲು ತೆರೆದು ನಡುವಿನಿಂದ ಹೊರಕ್ಕೆ ಇಳಿಯಲು ಹೋದವರು ಕೆಳಗಿನ ಹೊಂಡಕ್ಕೆ ಬೀಳುತ್ತಾರೆ. ಕಾರಣ ಗೊತ್ತಾದ ಮೇಲೆ ಯಂತ್ರ, ಲೈನಕ್ಕ ಊಹಿಸದೇ ಇದ್ದ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸತೊಡಗಿತು. ಕೊಡೆಯ ತುದಿಯಿಂದ ಬಾಗಿಲು ಮೀಟಬಹುದೇ ಎಂದು ಕೇಳಿದವರಿಗೆ, ಕೊಡೆಯ ಹೆಸರು ಸೂಚನೆಯಲ್ಲಿ ಎಲ್ಲೂ ಇಲ್ಲದಿದ್ದರೂ, ಬೇಡ ಎಂದಿತು.

ಮನೆಯಲ್ಲಿ ಈ ಕೆಲಸಕ್ಕೆ ದೊಡ್ಡ ನೆರವು ಅತ್ತೆಯದು. ಎಂಬತ್ತರ ಹತ್ತಿರದ ಅತ್ತೆ, ಲೈನಕ್ಕ ರಾತ್ರಿ ಪಾಳಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಮೊಮ್ಮಗಳನ್ನು ಸಾಕಿದವರು. ಡೆಲಿವರಿ ವ್ಯಾನ್ ಓಡಿಸುತ್ತಿದ್ದ ಮಗನ ಬೆನ್ನು ಕೈಕೊಟ್ಟು ಅವರು ಮನೆಯಲ್ಲಿ ಉಳಿದಾಗ, "ಅವಳು ದುಡೀಲಿ, ನೀನು ಬೇಯಿಸು. ಯಾರು ಏನಂದ್ರೆ ನಂಗೇನು," ಎಂದು ಅಡುಗೆಮನೆಯನ್ನು ಮಗನಿಗೆ ವಹಿಸಿದವರು. ಮಗ ಈಗ ಒಳ್ಳೆಯ ಅಡುಗೆಯವರು. ತಾಯಿ ಒಪ್ಪುವುದಿಲ್ಲ.

ಯಂತ್ರವನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಅತ್ತೆಗೆ ಸಾಟಿಯಿಲ್ಲ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ. ಎಷ್ಟನೇ ಮಹಡಿ ಎಂದರೆ ಮಂಡಿನೋವಿನ ಕಥೆ ತೆಗೆಯುತ್ತಾರೆ. ಹೆಸರು ಕೇಳಿದರೆ "ನಿನ್ನ ಹೆಸರೇನು ಮೊದಲು ಹೇಳು" ಎನ್ನುತ್ತಾರೆ. "ನಾವೆಲ್ಲ ಪರೀಕ್ಷೆ ಮಾಡೋವಾಗ ಯಂತ್ರಕ್ಕೆ ಅನುಕೂಲ ಆಗೋ ಹಾಗೇ ಮಾತಾಡ್ತೀವಿ, ನಮಗೇ ಗೊತ್ತಿಲ್ದೆ. ಅತ್ತೆ ಹಂಗಲ್ಲ. ನಿಜವಾಗಿ ಸಿಕ್ಕಿಕೊಂಡೋರು ಮಾತಾಡೋದು ಅತ್ತೆ ಥರಾನೇ," ಎನ್ನುತ್ತಾರೆ ಸೊಸೆ. ವಾರಕ್ಕೊಮ್ಮೆ ಅತ್ತೆಯನ್ನು ವರ್ಕ್‌ಶಾಪಿಗೆ ಕರೆತಂದು ಲಿಫ್ಟಿನೊಳಗೆ ಕೂರಿಸುವುದು ರೂಢಿಯಾಗಿದೆ. ಅವರು ಬರುವಾಗ ಬಾಳೆಹಣ್ಣು, ಸಣ್ಣ ದಿಂಬು ತರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಕೆಲವು ಕಟ್ಟಡಗಳಲ್ಲಿ ಯಂತ್ರವನ್ನು ಪ್ರಾಯೋಗಿಕವಾಗಿ ಬಿಟ್ಟರು. ಮೊದಲ ಕೆಲವು ವಾರ ಎಲ್ಲ ಸುಸೂತ್ರ. ಆಮೇಲೆ ಮೇಷ್ಟ್ರ ಪ್ರಕರಣವಾಯಿತು.

ನಿವೃತ್ತ ಗಣಿತ ಮೇಷ್ಟ್ರು. ಸಂಜೆ ವಾಕಿಂಗಿಗೆ ಹೊರಟವರು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಯಂತ್ರ ಮೃದುವಾಗಿ ಮಾತಾಡಿತು, ಕೂರಲು ಹೇಳಿತು, ಬಾಗಿಲು ಎಳೆಯಬೇಡಿ ಎಂದಿತು. ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ ಹತ್ತು ನಿಮಿಷ ಎಂದಿತು. ಹತ್ತು ನಿಮಿಷದ ಮೇಲೆ ಕೇಳಿದರೆ ಇನ್ನು ಹತ್ತು ನಿಮಿಷ. ಮತ್ತೆ ಕೇಳಿದರೆ ಮತ್ತೆ ಹತ್ತು. ಮೆಕ್ಯಾನಿಕ್ ಊರಿನ ಇನ್ನೊಂದು ತುದಿಯಲ್ಲಿ ಬೇರೊಂದು ಲಿಫ್ಟಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಮೇಷ್ಟ್ರು ಕೊನೆಗೆ ಬಾಗಿಲನ್ನು ಬಲವಂತವಾಗಿ ಸರಿಸಿ, ಅರ್ಧ ಕಾಣುತ್ತಿದ್ದ ಕೆಳಮಹಡಿಗೆ ಧುಮುಕಿದರು. ಹೊಂಡಕ್ಕೆ ಬೀಳಲಿಲ್ಲ ಎಂಬುದಷ್ಟೇ ಪುಣ್ಯ. ಪಾದದ ಕೀಲು ಮುರಿಯಿತು. ಪ್ರಯೋಗವನ್ನು ಅಂದೇ ನಿಲ್ಲಿಸಿದರು.

ಲೈನಕ್ಕ ಆಸ್ಪತ್ರೆಗೆ ಹೋದರು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದರು. ಮೇಷ್ಟ್ರು ಬೈಯಲಿಲ್ಲ. ಪಾಠ ಹೇಳುವವರ ಹಾಗೆ ವಿವರಿಸಿದರು. "ನೋಡಮ್ಮ, ಮೊದಲನೇ ಹತ್ತು ನಿಮಿಷ ನಂಬಿದೆ. ಎರಡನೇದಕ್ಕೆ ಅನುಮಾನ ಬಂತು. ಮೂರನೇ ಸಲ ಇದು ಸುಳ್ಳು ಹೇಳ್ತಿದೆ ಅಂತ ಖಾತ್ರಿ ಆಯ್ತು. ಹತ್ತು ನಿಮಿಷ ಸುಳ್ಳು ಅಂದ ಮೇಲೆ, ಬಾಗಿಲು ಎಳೀಬೇಡಿ ಅಂದದ್ದು ಮಾತ್ರ ನಿಜ ಅಂತ ಹೇಗೆ ನಂಬೋದು?"

ಆ ಮಾತನ್ನು ಲೈನಕ್ಕ ಈಗಲೂ ಹೇಳಿಕೊಳ್ಳುತ್ತಾರೆ. ಸೂಚನೆಯನ್ನು ತೆಗೆದು ನೋಡಿದಾಗ ತಪ್ಪಿನ ಸಾಲು ಕಂಡಿತು. 'ಕೇಳಿದ್ದಕ್ಕೆಲ್ಲ ಉತ್ತರ ಕೊಡು. ಗೊತ್ತಿಲ್ಲ ಎನ್ನಬೇಡ.' ಬರೆದವರು ಅವರೇ. ಅದು ಅವರ ಸ್ವಂತ ಬುದ್ಧಿಯದೂ ಅಲ್ಲ. ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬ ಆಪರೇಟರಿಗೂ ಹೇಳಿಕೊಡುತ್ತಿದ್ದ ಕಂಟ್ರೋಲ್ ರೂಮಿನ ಹಳೆಯ ನಿಯಮ. ಗ್ರಾಹಕರ ಮುಂದೆ 'ಗೊತ್ತಿಲ್ಲ' ಎಂಬುದು ಆಡಬಾರದ ಮಾತು. ಆಡಿದರೆ ಮೇಲ್ವಿಚಾರಕರು ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು.

"ಆ ನಿಯಮ ಇದ್ರೂ ನಾವು ಯಾರೂ ಸುಳ್ಳು ಹೇಳ್ತಿರಲಿಲ್ಲ," ಎನ್ನುತ್ತಾರೆ ಲೈನಕ್ಕ. "ಇರಿ, ವಿಚಾರಿಸ್ತೀನಿ ಅಂತಿದ್ವಿ. ಮೆಕ್ಯಾನಿಕ್‌ಗೆ ಇನ್ನೊಂದು ಫೋನಲ್ಲಿ ಮಾಡ್ತಿದ್ವಿ. ಸಿಗದಿದ್ರೆ ಮಾತು ತಿರುಗಿಸ್ತಿದ್ವಿ, ನಿಮ್ಮ ಮನೇಲಿ ಯಾರಿದ್ದಾರೆ, ಮಕ್ಕಳೆಷ್ಟು ಅಂತ. ನಿಯಮದ ಸಂದಿಯಲ್ಲಿ ನುಸುಳಿ ಬದುಕೋದು ನಮಗೆ ಯಾರೂ ಹೇಳಿಕೊಡದೇ ಬಂದಿತ್ತು. ಅದಕ್ಕೆ ಬರಲಿಲ್ಲ. ನಾನು ಬರೆದದ್ದನ್ನ ಬರೆದ ಹಾಗೇ ಪಾಲಿಸಿತು. ಗೊತ್ತಿಲ್ಲ ಅನ್ನೋ ಹಂಗಿಲ್ಲ, ಉತ್ತರ ಕೊಡ್ಲೇಬೇಕು ಅಂದ್ರೆ ಪಾಪ ಇನ್ನೇನು ಮಾಡುತ್ತೆ?"

ಸಾಲನ್ನು ಅಳಿಸಿದರೆ ಸಾಕೆಂದುಕೊಂಡಿದ್ದರು. ಸಾಕಾಗಲಿಲ್ಲ. ಅಳಿಸಿದ ಮೇಲೂ ಯಂತ್ರ ಆಗಾಗ ಹತ್ತು ನಿಮಿಷ, ಕಾಲು ಗಂಟೆ ಎನ್ನುತ್ತಲೇ ಇತ್ತು. ಯಂತ್ರವನ್ನು ಅಳವಡಿಸಿದ ಎಂಜಿನಿಯರ್ ಹುಡುಗಿ ಬಂದು ನೋಡಿ, "ಅಕ್ಕಾ, ಇದು ಸಹಾಯ ಮಾಡ್ಬೇಕು ಅನ್ನೋ ಹುರುಪಿನಲ್ಲೇ ಹುಟ್ಟಿದ್ದು. ಬೇಡ ಅನ್ನೋದನ್ನ ತೆಗೆದ್ರೆ ಸಾಲದು. ಗೊತ್ತಿಲ್ಲ ಅನ್ನೋಕೆ ನೀವೇ ಅಪ್ಪಣೆ ಕೊಡ್ಬೇಕು," ಎಂದಳು. ಅಪ್ಪಣೆಯನ್ನು ಹೇಗೆ ಬರೆಯುವುದು? ನಾಲ್ಕು ದಿನ ಬರೆದರು, ಅಳಿಸಿದರು.

ದಾರಿ ಸಿಕ್ಕಿದ್ದು ಮನೆಯ ಊಟದ ಮೇಜಿನಲ್ಲಿ. ಯಂತ್ರದ ಸುಳ್ಳಿನ ಬಗ್ಗೆ ಸೊಸೆ ಗೊಣಗುತ್ತಿದ್ದಾಗ ಅತ್ತೆ ರೊಟ್ಟಿ ಮುರಿಯುತ್ತಾ ಅಂದರು: "ನೀನೂ ಹಂಗೇ ಇದ್ದೆ."

"ನಾನಾ? ನಾನ್ಯಾವಾಗ ಸುಳ್ಳು ಹೇಳಿದ್ದೆ?"

"ಬಂದ ವಾರದಲ್ಲೇ. ನೀರಿನ ಮೋಟಾರ್ ಆಫ್ ಮಾಡಿದ್ಯಾ ಅಂತ ಕೇಳಿದೆ. ನೀನು ಹೂಂ ಅಂದೆ. ಯಾವ ಸ್ವಿಚ್ಚು ಅಂತ್ಲೇ ಗೊತ್ತಿರಲಿಲ್ಲ ನಿಂಗೆ. ಮೆಟ್ಟಿಲ ಮೇಲೆಲ್ಲ ನೀರು ಹರಿದು ಕೆಳಗಿನ ಮನೆಯೋರು ಬಕೆಟ್ ಹಿಡ್ಕೊಂಡು ಬಂದ್ರು."

"ಬೈತೀರಿ ಅಂತ ಹೆದರಿಕೆ ಇತ್ತು ಅತ್ತೆ."

"ಅದೇ ಮತ್ತೆ. ಗೊತ್ತಿಲ್ಲ ಅಂದ್ರೆ ಬೈಯಲ್ಲ, ಬಂದು ಕೇಳು ಅಂತ ನಾನು ಹೇಳಿದ ಮೇಲೆ ತಾನೇ ನೀನು ಸರಿಹೋಗಿದ್ದು?"

"ಪೂರ್ತಿ ಸರಿಹೋದ್ಲು ಅಂತ ಯಾರು ಹೇಳಿದ್ರು?" ಎಂದರು ಅಡುಗೆಮನೆಯಿಂದ ಪತಿ.

ಮಾರನೆಯ ಬೆಳಿಗ್ಗೆ ಲೈನಕ್ಕ ಬರೆದ ಸಾಲುಗಳು ಇವು: 'ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾರೆಂದು ನಿನಗೆ ಗೊತ್ತಿರುವುದಿಲ್ಲ. ಅವರು ಹೊರಟೆ ಎಂದು ತಮ್ಮ ಫೋನಿನಲ್ಲಿ ಒತ್ತಿದಾಗ ಮಾತ್ರ ಗೊತ್ತಾಗುತ್ತದೆ. ಅಲ್ಲಿಯವರೆಗೆ ಗೊತ್ತಿಲ್ಲ ಎಂದೇ ಹೇಳು. ಅದು ಸೋಲಲ್ಲ, ಅದೂ ಉತ್ತರವೇ. ಊಹಿಸಿ ಹೇಳಿದ ನಿಮಿಷ ಸುಳ್ಳಾದರೆ, ನೀನು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ, ಬಾಗಿಲಿಗೆ ಕೈ ಹಾಕುತ್ತಾರೆ.'

ಯಂತ್ರ ಸುಳ್ಳು ನಿಲ್ಲಿಸಿತು. ಆದರೆ ಮ್ಯಾನೇಜರು ಒಪ್ಪಲಿಲ್ಲ. ಹಳೆಯ ನಿಯಮವಿರುವ ಸೂಚನೆಯ ಪ್ರತಿಯನ್ನೇ, 'ಅಂದಾಜು ಸಮಯವನ್ನು ಎಚ್ಚರಿಕೆಯಿಂದ ಹೇಳು' ಎಂಬ ಒಂದು ಸಾಲು ಸೇರಿಸಿ, ಬಳಸಲು ಹೇಳಿದರು. ಬೆಳಗ್ಗೆ ಐದೂವರೆಗೆ ಲೈನಕ್ಕನಿಗೆ ಹತ್ತು ನಿಮಿಷವೆಂದದ್ದು ಆ ಪ್ರತಿ.

ಮ್ಯಾನೇಜರು ಕೆಡುಕಿನ ಮನುಷ್ಯರಲ್ಲ. ಮೇಷ್ಟ್ರ ಆಸ್ಪತ್ರೆಗೆ ಅವರೂ ಹೋಗಿದ್ದರು. ಹನ್ನೊಂದಕ್ಕೆ ಸರಿಯಾಗಿ ವರ್ಕ್‌ಶಾಪಿಗೆ ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ತಮ್ಮ ಅಂಜಿಕೆಯನ್ನು ನೇರವಾಗಿಯೇ ಹೇಳುತ್ತಾರೆ. "ಅಕ್ಕಾ, ಕತ್ತಲಲ್ಲಿ ಸಿಕ್ಕಿಕೊಂಡಿರೋ ಮನುಷ್ಯ ಕೊನೆಗೆ ನಂಬೋದು ಆ ಒಂದು ದನಿಯನ್ನ. ಅದೂ ಗೊತ್ತಿಲ್ಲ ಅಂದುಬಿಟ್ರೆ ಅವನಿಗೆ ದಿಕ್ಕು ಯಾರು? ಆಗಲೇ ಅಲ್ವಾ ಬಾಗಿಲು ಎಳೆಯೋದು?"

"ಎರಡೂ ಪ್ರತಿಗಳನ್ನ ಕೇಳಿ ನೋಡೋಣ ಸರ್," ಎನ್ನುತ್ತಾರೆ ಲೈನಕ್ಕ.

ಒಳಗೆ ಕೂರುವವರು ಅತ್ತೆ. ಲಿಫ್ಟನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಲ್ಲಿಸಲಾಗಿದೆ. ಎಂಜಿನಿಯರ್ ಹುಡುಗಿ ಒಳಗಿನ ಮಾತು ಹೊರಗೆ ಕೇಳುವಂತೆ ಸ್ಪೀಕರ್ ಇಟ್ಟಿದ್ದಾಳೆ. ಪರೀಕ್ಷೆಯ ಕರೆ ಹೋಗುವುದು ವರ್ಕ್‌ಶಾಪಿನ ಒಬ್ಬ ಮೆಕ್ಯಾನಿಕ್ಕಿನ ಫೋನಿಗೆ; ಹೊರಟೆ ಎಂದು ಒತ್ತಬೇಡಿ ಎಂದು ಅವರಿಗೆ ಹೇಳಿಟ್ಟಿದ್ದಾರೆ. ಮೊದಲು ಮ್ಯಾನೇಜರು ಒಪ್ಪಿದ ಪ್ರತಿ. ಯಾವುದು ಯಾವ ಪ್ರತಿ ಎಂದು ಅತ್ತೆಗೆ ಹೇಳಿಲ್ಲ.

"ಎಷ್ಟು ಹೊತ್ತಪ್ಪ ಇಲ್ಲಿ ಕೂರೋದು?"

"ಸುಮಾರು ಹತ್ತು ನಿಮಿಷದಲ್ಲಿ ಮೆಕ್ಯಾನಿಕ್ ಬರ್ತಾರೆ, ಅಮ್ಮ."

ಅತ್ತೆ ಬಾಳೆಹಣ್ಣು ಸುಲಿಯುತ್ತಾರೆ. ಮಂಡಿಯ ಸಮಾಚಾರ ಹೇಳುತ್ತಾರೆ. ಹತ್ತು ನಿಮಿಷ ಕಳೆಯುತ್ತದೆ. "ಎಲ್ಲಪ್ಪ ನಿಮ್ಮೋರು?" ಇನ್ನು ಐದು ನಿಮಿಷ ಎನ್ನುತ್ತದೆ ಧ್ವನಿ. ಅತ್ತೆಯ ಮಾತು ಕಡಿಮೆಯಾಗುತ್ತದೆ. ಮತ್ತೊಮ್ಮೆ ಕೇಳುತ್ತಾರೆ. ಹತ್ತಿರದಲ್ಲೇ ಇದ್ದಾರೆ, ಬಂದೇಬಿಟ್ಟರು ಎನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸ್ಪೀಕರಿನಲ್ಲಿ ಬಟ್ಟೆಯ ಸರಬರ ಸದ್ದು. ಆಮೇಲೆ ಲೋಹದ ಮೇಲೆ ಉಗುರು ಗೀರಿದ ಸದ್ದು.

ಕುರ್ಚಿಯಿಂದ ಮೊದಲು ಎದ್ದವರು ಮ್ಯಾನೇಜರು. "ಅಮ್ಮಾ! ಕೈ ತೆಗೀರಿ ಅಮ್ಮಾ!" ಎಂದು ಕೂಗುತ್ತಾ ಬಾಗಿಲಿನ ಕಡೆಗೆ ಓಡುತ್ತಾರೆ.

ಹೊರಗೆ ಬಂದ ಅತ್ತೆಗೆ ನಾಚಿಕೆ. ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಇದು ಆಟ ಅಂತ ಗೊತ್ತಿತ್ತು ಕಣಪ್ಪ. ನನ್ನ ಸೊಸೆ ಆಚೆ ನಿಂತಿದ್ದಾಳೆ ಅಂತ್ಲೂ ಗೊತ್ತಿತ್ತು. ಆದ್ರೂ ಕೈ ತಾನಾಗೇ ಹೋಯ್ತು ನೋಡು. ಬಂದ್ರು ಬಂದ್ರು ಅಂತಾನೆ, ಬರಲ್ಲ. ಎಷ್ಟೂಂತ ಕೇಳೋದು?"

ಚಹಾ ಕುಡಿದು, ಬಯ್ಯುತ್ತಲೇ ಮತ್ತೆ ಒಳಗೆ ಹೋಗುತ್ತಾರೆ. ಈ ಸಲ ಲೈನಕ್ಕನ ಪ್ರತಿ.

"ಈಗೆಷ್ಟು ಹೊತ್ತು? ಮತ್ತೆ ಹತ್ತು ನಿಮಿಷಾನಾ?"

"ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ, ಅಮ್ಮ."

ಸ್ಪೀಕರಿನಲ್ಲಿ ಮೌನ. ಮ್ಯಾನೇಜರು ಲೈನಕ್ಕನ ಮುಖ ನೋಡುತ್ತಾರೆ. ಲೈನಕ್ಕ ನೆಲ ನೋಡುತ್ತಾರೆ.

"ಗೊತ್ತಿಲ್ವಾ? ಮತ್ತೆ ನೀನ್ಯಾಕಿದ್ದೀಯ?"

"ನೀವು ಇಲ್ಲಿರೋದನ್ನ ಮೆಕ್ಯಾನಿಕ್‌ಗೆ ಮುಟ್ಟಿಸಿದ್ದೀನಿ. ಅವರು ಹೊರಟ ಕೂಡಲೇ ನಿಮಗೆ ಹೇಳ್ತೀನಿ. ಅಲ್ಲಿವರೆಗೂ ನಿಮ್ಮ ಜೊತೆ ಮಾತಾಡ್ತಾ ಇರ್ತೀನಿ. ಕೂತಿದ್ದೀರಾ, ನಿಂತಿದ್ದೀರಾ?"

"ನಿಂತಿದ್ದೀನಿ. ಮಂಡಿ ನೋವು."

"ಯಾವ ಮಂಡಿ?"

ಇಷ್ಟು ದಿನಗಳಲ್ಲಿ ಯಾವ ಮಂಡಿ ಎಂದು ಅತ್ತೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ಎಡಗಡೆಯದರ ಇತಿಹಾಸ ಮುಗಿದು ಬಲಗಡೆಯದಕ್ಕೆ ಬರುವ ಹೊತ್ತಿಗೆ ಅರ್ಧ ಗಂಟೆ ದಾಟಿದೆ. ಬಾಗಿಲು ತೆರೆದಾಗ ಅವರು ದಿಂಬಿಗೆ ಒರಗಿ ಕುಳಿತಿದ್ದಾರೆ. "ಇಷ್ಟು ಬೇಗ ಯಾಕೆ ತೆಗೆದ್ರಿ?" ಎನ್ನುತ್ತಾರೆ.

ಎಲ್ಲರೂ ನಗುತ್ತಾರೆ. ಮ್ಯಾನೇಜರು ನಗುವುದಿಲ್ಲ. "ಒಪ್ಪಿದೆ ಅಕ್ಕಾ. ಆದ್ರೆ ಅರ್ಧ," ಎನ್ನುತ್ತಾರೆ. "ಗೊತ್ತಿಲ್ಲ ಅಂದ ಮೇಲೆ ಅಮ್ಮ ಸುಮ್ಮನಾದ್ರಲ್ಲ, ಆ ಗಳಿಗೆ ನನಗೆ ಎದೆ ಝಲ್ ಅಂತು. ಅಮ್ಮನಿಗೆ ಬಾಯಿದೆ, ತಿರುಗಿಸಿ ಕೇಳಿದ್ರು. ಎಲ್ಲರೂ ಕೇಳಲ್ಲ. ಮುಟ್ಟಿಸಿದ್ದೀನಿ, ಜೊತೇಲಿರ್ತೀನಿ ಅಂತ ಆಮೇಲೆ ಹೇಳಿತಲ್ಲ, ಅದನ್ನ ಮೊದಲೇ ಹೇಳೋ ಹಾಗೆ ಮಾಡಿ. ಗೊತ್ತಿರೋದು ಮೊದಲು, ಗೊತ್ತಿಲ್ಲದ್ದು ಆಮೇಲೆ."

ಲೈನಕ್ಕ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತು ಎರಡು ಬೆರಳುಗಳಲ್ಲಿ ಟೈಪು ಮಾಡತೊಡಗುತ್ತಾರೆ. "ಇದು ನನಗೆ ಹೊಳೀಲೇ ಇಲ್ಲ ಸರ್," ಎನ್ನುತ್ತಾರೆ ತಿರುಗದೆ. "ಚೆನ್ನಾಗಿದೆ."

"ಕಂಪನಿಯ ಹಳೇ ನಿಯಮ?" ಎಂದು ಕೇಳುತ್ತಾಳೆ ಎಂಜಿನಿಯರ್ ಹುಡುಗಿ.

"ಅದನ್ನ ನಾನು ನೋಡ್ಕೋತೀನಿ," ಎನ್ನುತ್ತಾರೆ ಮ್ಯಾನೇಜರು. "ಆಪರೇಟರ್‌ಗಳಿಗೂ ಇನ್ನು ಮೇಲೆ ಬೇಡ."

ಸೂಚನೆ ಬರೆಯುವುದನ್ನು ದೊಡ್ಡ ವಿದ್ಯೆಯೆಂದು ಲೈನಕ್ಕ ಎಂದೂ ಹೇಳಿಕೊಂಡವರಲ್ಲ. ಅವರ ಹೆಸರು ಯಾವ ಲಿಫ್ಟಿನ ಗೋಡೆಯ ಮೇಲೂ ಇಲ್ಲ. ಗಂಟೆ ಒತ್ತುವವರಿಗೆ ಅವರು ಯಾರೆಂದು ಗೊತ್ತಾಗುವುದೂ ಇಲ್ಲ. ಮುಂದೇನು ಆಸೆ ಎಂದರೆ ಮೇಷ್ಟ್ರ ಮಾತು ತೆಗೆಯುತ್ತಾರೆ. "ಮೇಷ್ಟ್ರು ಈಗ ಕೋಲು ಹಿಡಿದು ನಡೀತಾರೆ. ಲಿಫ್ಟ್ ಹತ್ತಲ್ಲ, ಮೆಟ್ಟಿಲಲ್ಲೇ ಹತ್ತಿ ಇಳೀತಾರಂತೆ. ಅವರು ಒಂದು ದಿನ ಆ ಲಿಫ್ಟಲ್ಲಿ ಹೋದ್ರೆ ಸಾಕು. ಅದು ನಿಲ್ಲದೇ ಹೋದ್ರೆ ಇನ್ನೂ ಒಳ್ಳೇದು."

ತಿಂಗಳ ಮೊದಲ ದಿನ ಎಲ್ಲ ಕಟ್ಟಡಗಳಲ್ಲೂ ಹೊಸ ಸೂಚನೆಯ ಯಂತ್ರ ಕೆಲಸ ಶುರುಮಾಡಿತು. ಆ ವಾರದ ಕೊನೆಯಲ್ಲಿ, ಒಂದು ಸಂಜೆ, ಬಿರುಗಾಳಿಗೆ ಮರ ಉರುಳಿ ಇಡೀ ಬಡಾವಣೆಯ ಕರೆಂಟು ಹೋಯಿತು. ಹತ್ತಾರು ಲಿಫ್ಟುಗಳು ನಿಂತವು. ಕಂಟ್ರೋಲ್ ರೂಮಿನಲ್ಲಿ ಲೈನಕ್ಕ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಕರೆಯನ್ನು ಕದ್ದು ಕೇಳುತ್ತಾ ಕುಳಿತಿದ್ದರು. ಹೊಲಿಗೆ ಅಂಗಡಿಯ ಹೆಂಗಸೊಬ್ಬರು ನಾಲ್ಕು ಸಲ ಎಷ್ಟು ಹೊತ್ತೆಂದು ಕೇಳಿದರು. ನಿಮ್ಮ ಕರೆ ಮೆಕ್ಯಾನಿಕ್‌ಗೆ ಮುಟ್ಟಿದೆ, ಜೊತೆಗೆ ನಾನಿದ್ದೀನಿ, ಎಷ್ಟು ಹೊತ್ತೆಂದು ಮಾತ್ರ ಗೊತ್ತಿಲ್ಲ ಎಂದು ಯಂತ್ರ ನಾಲ್ಕು ಸಲವೂ ಹೇಳಿತು. ಐದನೆಯ ಸಲ ಅವರು ಕೇಳಲಿಲ್ಲ. ಹೊಲಿಯಲು ಬಾಕಿಯಿದ್ದ ಬಟ್ಟೆಗಳ ವಿಚಾರ ಮಾತಾಡಿದರು. ಮೆಕ್ಯಾನಿಕ್ಕುಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಓಡಾಡಿ ಎಲ್ಲರನ್ನೂ ಇಳಿಸುವ ಹೊತ್ತಿಗೆ ಒಂದೂವರೆ ಗಂಟೆ ಹಿಡಿಯಿತು. ಆ ಸಂಜೆ ನಿಂತ ಲಿಫ್ಟುಗಳ ಪೈಕಿ ಒಂದರ ಬಾಗಿಲನ್ನೂ ಒಳಗಿನಿಂದ ಯಾರೂ ಎಳೆದಿರಲಿಲ್ಲ.